ಹೊಸ ಔಟ್‌ಬೋರ್ಡ್ ಎಂಜಿನ್: ಅಳಿವೆ ದಾಟುವ ಮುಂಚಿನ 10 ಗಂಟೆ

ಗಂಗೊಳ್ಳಿಯಲ್ಲಿರಲಿ, ಮರವಂತೆಯಲ್ಲಿರಲಿ, ಉಪ್ಪುಂದದ ಮಡಿಕಲ್‌ನಲ್ಲಿರಲಿ, ನಾಡದೋಣಿಗೆ ಹೊಸ ಎಂಜಿನ್ ಕಟ್ಟಿದ ದಿನ ದಡದಲ್ಲಿ ಎರಡು ಬಗೆಯ ಉಪದೇಶ ಪುಕ್ಕಟೆ ಸಿಗುತ್ತದೆ. "ಎಂತಕ್ ಹೆದ್ರುದ್ ಮಾರಾಯಾ, ಫುಲ್ ಕೊಡ್" ಎನ್ನುವವರು ಒಂದು ಪಕ್ಷ. "ಹೊಸ ಮಿಷನ್ ಅಲ್ದಾ, ಒಂದ್ ತಿಂಗ್ಳ್ ಮೆಲ್ಲ ಹೊಡಿ" ಎನ್ನುವವರು ಇನ್ನೊಂದು ಪಕ್ಷ. ಮೊದಲನೆಯವರ ಮಾತು ಕೇಳಿ ಪಿಸ್ಟನ್ ಹಿಡಿದುಕೊಂಡರೆ ಎಲ್ಲರಿಗೂ ಕಾಣುತ್ತದೆ, ಬೈಗುಳವೂ ಬೀಳುತ್ತದೆ. ಎರಡನೆಯವರ ಮಾತಿನಿಂದ ಆಗುವ ನಷ್ಟ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ವರ್ಷ ಕಳೆದ ಮೇಲೆ "ಈ ಎಂಜಿನ್‌ನಲ್ಲಿ ಎಳೆತವೇ ಇಲ್ಲ" ಎಂದು ಕಂಪನಿಯನ್ನು ದೂರುತ್ತೇವೆ.

ಹೊಸ ಎಂಜಿನ್ ಸವೆಯಬಾರದು ಎಂದುಕೊಂಡರೆ ಈ ಕೆಲಸದ ತಲೆಬುಡ ತಿಳಿಯುವುದಿಲ್ಲ. ಅದು ಸವೆಯಲೇಬೇಕು. ಸ್ವಲ್ಪ ಸವೆಯಬೇಕು, ಸವೆಯಬೇಕಾದ ಕಡೆ ಸವೆಯಬೇಕು, ಸವೆದ ಪುಡಿ ಹೊರಗೆ ಹೋಗಬೇಕು. ಇಷ್ಟನ್ನು ಸಾಧಿಸುವುದಕ್ಕೇ ಮೊದಲ ಹತ್ತು ಗಂಟೆ. ಅರೆಯುವ ಕಲ್ಲು ಕುಟ್ಟಿಸಿದ ದಿನ ಮೊದಲು ಅರೆದ ಹಿಟ್ಟನ್ನು ಯಾರೂ ದೋಸೆಗೆ ಹೊಯ್ಯುವುದಿಲ್ಲ, ಕಲ್ಲಿನ ಪುಡಿ ಇರುತ್ತದೆಂದು ಚೆಲ್ಲುತ್ತಾರೆ. ಎಂಜಿನ್ನಿಗೂ ಅಂಥದೊಂದು ಮೊದಲ ಅರೆತ ಉಂಟು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವ, 10 ಎಚ್‌ಪಿಯೊಳಗಿನ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಟೂ ಸ್ಟ್ರೋಕ್ ಎಂಜಿನ್ನಿನ ಬಗ್ಗೆ. ಫೋರ್ ಸ್ಟ್ರೋಕ್ ಮತ್ತು ಟ್ರಾಲ್ ಬೋಟಿನ ಡೀಸೆಲ್ ಎಂಜಿನ್ ವಿಷಯ ಕೊನೆಯಲ್ಲಿದೆ.

ಒಳಗೆ ಏನಾಗುತ್ತದೆ

ಹೊಸ ಸಿಲಿಂಡರಿನ ಒಳಗೋಡೆಗೆ ಬೆರಳು ಆಡಿಸಿದರೆ ನುಣ್ಣಗೆ ಅನಿಸುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಡ್ಡಡ್ಡ ದಾಟುವ ಸಣ್ಣ ಗೀರುಗಳು ಕಾಣುತ್ತವೆ. ಹೋನಿಂಗ್ ಕಲ್ಲಿನಿಂದ ಬೇಕೆಂದೇ ಎಳೆದ ಗೀರುಗಳವು. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಅಂಚಿನ ಮೊನೆಗಳು ರಿಂಗಿಗೆ ತಾಗುತ್ತವೆ. ರಿಂಗೂ ಹೊಸದು, ಅದರ ಮೈಯಲ್ಲೂ ಮೊನೆಗಳಿವೆ. ಕಾರ್ಖಾನೆಯಲ್ಲಿ ಎಷ್ಟೇ ನಾಜೂಕಾಗಿ ಮಾಡಿದರೂ ರಿಂಗ್ ಮೊದಲ ದಿನ ಸಿಲಿಂಡರಿನ ಸುತ್ತಲೂ ಒಂದೇ ಸಮ ಕೂರುವುದಿಲ್ಲ. ಕೆಲವು ಕಡೆ ಮಾತ್ರ ತಾಗಿ, ಅಲ್ಲೇ ಎಲ್ಲ ಭಾರ ಬಿದ್ದು, ಅಲ್ಲೇ ಬಿಸಿಯಾಗುತ್ತದೆ. ಮೊನೆಗಳು ಸವೆದು ಚಪ್ಪಟೆಯಾದಂತೆ ತಾಗುವ ಜಾಗ ಹಿಗ್ಗುತ್ತದೆ, ಭಾರ ಹಂಚಿಹೋಗುತ್ತದೆ, ಸವೆತ ತಾನಾಗಿ ಇಳಿಯುತ್ತದೆ. ಮೊದಲ ಕೆಲವು ಗಂಟೆ ಜೋರಾಗಿ ನಡೆದ ಸವೆತ ಆಮೇಲೆ ವರ್ಷಗಟ್ಟಲೆ ಬಹಳ ಕಡಿಮೆಯಾಗಿ ನಿಂತುಬಿಡುತ್ತದೆ. "ಎಂಜಿನ್ ಸೆಟ್ ಆಯ್ತು" ಎಂದು ಮೆಕ್ಯಾನಿಕ್ ಹೇಳುವುದು ಇದನ್ನೇ.

ಎರಡು ಲೋಹದ ನಡುವಿನ ಆಯಿಲ್ ಪದರ ಎಷ್ಟು ತೆಳು ಎಂದರೆ, ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ ರಿಂಗ್ ಮತ್ತು ಗೋಡೆಯ ನಡುವೆ ಇರುವುದು ಕೆಲವೇ ಮೈಕ್ರಾನ್. ಅದೂ ಪಿಸ್ಟನ್ ಓಡುತ್ತಿರುವಾಗ. ಮೇಲಿನ ತುದಿಗೂ ಕೆಳಗಿನ ತುದಿಗೂ ಹೋಗಿ ತಿರುಗುವಾಗ ಪಿಸ್ಟನ್ ಕ್ಷಣ ಮಾತ್ರ ನಿಲ್ಲುತ್ತದೆ, ಆಗ ಪದರ ಇನ್ನೂ ತೆಳುವಾಗುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಇಂಥ ನಿಲುಗಡೆ ಸೆಕೆಂಡಿಗೆ 100. ಹಳೆಯ ಎಂಜಿನ್ ಬಿಚ್ಚಿದಾಗ ಸಿಲಿಂಡರಿನ ಮೇಲ್ತುದಿಯ ಹತ್ತಿರ ಉಗುರಿಗೆ ಸಿಗುವ ಮೆಟ್ಟಿಲು ಹುಟ್ಟುವುದು ಅಲ್ಲೇ.

ಓಟವೇ ಆಯಿಲ್ ಪದರವನ್ನು ಎತ್ತಿ ಹಿಡಿಯುತ್ತದೆ ಎಂಬುದು ಪತ್ತೆಯಾದ ಕತೆ ಚೆನ್ನಾಗಿದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಚಾಂಪ್ ಟವರ್ ಎಂಬ ಎಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗ್ ಪರೀಕ್ಷಿಸುತ್ತಿದ್ದ. ಆಯಿಲ್ ಹೊಯ್ಯಲು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ ಅದರಿಂದ ಆಯಿಲ್ ಉಕ್ಕಿ ಹೊರಗೆ ಬರತೊಡಗಿತು. ಬಿರಡೆ ಹಾಕಿದ, ಹಾರಿತು. ಮರದ ಬೆಣೆ ಜಡಿದ, ಅದೂ ಹೊರಬಂತು. ತಿರುಗುವ ಅಚ್ಚು ತಾನೇ ಆಯಿಲನ್ನು ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್‌ಬಾರ್ನ್ ರೇನಾಲ್ಡ್ಸ್ ಅದರ ಗಣಿತ ಬರೆದ. ನಮಗೆ ಇಲ್ಲಿ ಬೇಕಾದದ್ದು ಇಷ್ಟೇ: ಓಟ ಕಡಿಮೆ, ಭಾರ ಜಾಸ್ತಿ ಆದರೆ ಪದರ ಹರಿಯುತ್ತದೆ. ಹೊಸ ಎಂಜಿನ್ನಿನಲ್ಲಿ ಮೊನೆಗಳು ಪದರಕ್ಕಿಂತ ಎತ್ತರವಾಗಿರುವುದರಿಂದ ಅದು ಬೇಗ ಹರಿಯುತ್ತದೆ.

ಹಂತ 1: ಜಾಗ ಮತ್ತು ಹೊತ್ತು

ಮೊದಲ ಗಂಟೆಗಳನ್ನು ಹೊಳೆಯಲ್ಲಿ ಕಳೆಯಿರಿ, ಸಮುದ್ರದಲ್ಲಿ ಬೇಡ. ಗಂಗೊಳ್ಳಿಯವರಿಗೆ ಪಂಚಗಂಗಾವಳಿಯ ಅಗಲವಾದ ಹಿನ್ನೀರು ಉಂಟು. ಬ್ರಹ್ಮಾವರದ ಕಡೆಯವರಿಗೆ ಹಂಗಾರಕಟ್ಟೆ, ಕೋಡಿಬೆಂಗ್ರೆಯ ಒಳಗೆ ಸೀತಾ–ಸ್ವರ್ಣಾ ಹೊಳೆಗಳ ನೀರು ಉಂಟು. ದಡದಿಂದಲೇ ದೋಣಿ ಇಳಿಸುವ ಮರವಂತೆ, ಉಪ್ಪುಂದದವರು ದೋಣಿಯನ್ನೇ ತರಬೇಕೆಂದಿಲ್ಲ. ಎಂಜಿನ್ ತೂಕ 40 ಕೆ.ಜಿ. ಆಸುಪಾಸು, ಇಬ್ಬರು ಹೊತ್ತು ತಂದು ಹೊಳೆಯಲ್ಲಿರುವ ನೆಂಟರ ದೋಣಿಗೆ ಕಟ್ಟಿದರೆ ಆಯಿತು.

ಹೊಸ ಎಂಜಿನ್ ಕಟ್ಟಿಕೊಂಡು ಅಳಿವೆ ದಾಟಬೇಡಿ ಎನ್ನುವುದಕ್ಕೆ ಕಾರಣ ಎಂಜಿನ್ನಿನ ಆಯುಷ್ಯವಲ್ಲ, ನಿಮ್ಮದು. ಅಳಿವೆಯ ಮರಳದಿಣ್ಣೆಯ ಮೇಲೆ ತೆರೆ ಒಡೆಯುವಾಗ ಒಮ್ಮೆಗೇ ಪೂರ್ತಿ ಎಳೆತ ಬೇಕಾಗುತ್ತದೆ. ಅದೇ ಕ್ಷಣ ಬಿಗಿಯಾಗಿರುವ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಆಮೇಲೆ ನಡೆಯುವುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ಅವಕಾಶ. ನಾಡದೋಣಿಯವರ ಹಂಗಾಮು ಅದೇ. ಆದ್ದರಿಂದ ಹೆಚ್ಚಿನವರು ಮಳೆ ಹಿಡಿಯುವ ಹೊತ್ತಿಗೇ ಎಂಜಿನ್ ಕೊಳ್ಳುತ್ತಾರೆ, ಮರುದಿನವೇ ಮೀನಿಗೆ ಹೊರಡುತ್ತಾರೆ. ಕೊಳ್ಳುವುದಾದರೆ ಮೇ ಮಧ್ಯದೊಳಗೆ ಕೊಳ್ಳಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆ, ಉಬ್ಬರದ ನೀರಿದ್ದಾಗ ಇಳಿಯಿರಿ. ಇಳಿತದಲ್ಲಿ ಹೊಳೆಯ ಕೆಸರು, ಮರಳನ್ನು ಎಂಜಿನ್ನಿನ ನೀರಿನ ಪಂಪು ಎಳೆದುಕೊಳ್ಳುತ್ತದೆ.

ದೋಣಿಯಲ್ಲಿ ಇಬ್ಬರು ಸಾಕು. ಕಂತಬಲೆಯೋ ಮಾಟುಬಲೆಯೋ ದಡದಲ್ಲೇ ಇರಲಿ. ಲೈಫ್ ಜಾಕೆಟ್, ಹುಟ್ಟು, ಒಂದು ಜೊತೆ ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್ ಜೊತೆಗಿರಲಿ.

ಹಂತ 2: ಆಯಿಲ್ ಬೆರೆಸುವುದು

ಟೂ ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಇರುವುದಿಲ್ಲ. ಇಂಧನದ ಜೊತೆ ಬಂದದ್ದೇ ಅದಕ್ಕೆ ಆಯಿಲ್. ಡಬ್ಬಿಯ ಮೇಲೆ ಟಿಸಿ–ಡಬ್ಲ್ಯೂ3 ಎಂದಿರುವುದನ್ನೇ ಕೊಳ್ಳಿ. ನೀರಿನಿಂದ ತಣಿಯುವ ಔಟ್‌ಬೋರ್ಡಿಗೆಂದು ಮಾಡಿದ ಆಯಿಲ್ ಅದು. ಹಳೆಯ ಸ್ಕೂಟರಿಗೆ ಹಾಕುತ್ತಿದ್ದ ಟೂ ಟಿ ಆಯಿಲ್ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಆದದ್ದು. ಪೆಟ್ರೋಲ್ ಬಂಕಿನಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಹಾಕಬೇಡಿ.

ಎಷ್ಟು ಬೆರೆಸಬೇಕೆಂಬುದು ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿದೆ, ಅದೇ ಅಂತಿಮ. ಈ ವರ್ಗದ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಮೊದಲ 10 ಗಂಟೆ 25ಕ್ಕೆ 1, ಆಮೇಲೆ 50ಕ್ಕೆ 1. ಅಂದರೆ 10 ಲೀಟರ್ ಇಂಧನಕ್ಕೆ ಮೊದಲು 400 ಎಂ.ಎಲ್., ಆಮೇಲೆ 200 ಎಂ.ಎಲ್. ಪೆಟ್ರೋಲಿಗೂ ಬೆರೆಸಬೇಕು, ಸೀಮೆಎಣ್ಣೆಗೂ ಬೆರೆಸಬೇಕು. ಪೆಟ್ರೋಲ್ ಬರೀ ಚಾಲೂ ಮಾಡುವುದಕ್ಕಲ್ಲವೇ ಎಂದು ಅದನ್ನು ಹಾಗೇ ಹೊಯ್ಯುವವರಿದ್ದಾರೆ. ತಣ್ಣಗಿರುವ, ಒಣಗಿರುವ ಎಂಜಿನ್ನಿಗೆ ಆಯಿಲ್ ಬೇಕಾಗುವುದು ಆಗಲೇ.

ಕಣ್ಣಂದಾಜು ಬೇಡ, ಅಳತೆಯ ಲೋಟ ಇಟ್ಟುಕೊಳ್ಳಿ. ಬೇರೆ ಕ್ಯಾನಿನಲ್ಲಿ ಅರ್ಧ ಇಂಧನ ಹೊಯ್ದು ಆಯಿಲ್ ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ, ಆಮೇಲೆ ಉಳಿದದ್ದನ್ನು ಹೊಯ್ದು ಮತ್ತೆ ಕುಲುಕಿ. ಟ್ಯಾಂಕಿಗೇ ನೇರ ಆಯಿಲ್ ಸುರಿದರೆ ತಳದಲ್ಲಿ ದಪ್ಪ, ಮೇಲೆ ತೆಳು.

ಸೀಮೆಎಣ್ಣೆಯ ಬಗ್ಗೆ ಒಂದು ಎಚ್ಚರ. ಹಲವು ಕೈ ದಾಟಿ, ಹಳೆಯ ಬ್ಯಾರೆಲಿನಲ್ಲಿ ತಿಂಗಳುಗಟ್ಟಲೆ ಕೂತು ಬರುವ ಚಿಮಣಿ ಎಣ್ಣೆಯ ತಳದಲ್ಲಿ ನೀರು ಇದ್ದೇ ಇರುತ್ತದೆ ಎಂದು ಭಾವಿಸಿ. ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನದನ್ನು ಮಾತ್ರ ಸೋಸಿ ತೆಗೆಯಿರಿ, ಕೊನೆಯ ನಾಲ್ಕು ಬೆರಳು ಬಿಟ್ಟುಬಿಡಿ. ನೀರಿನ ಹನಿ ಸಿಲಿಂಡರಿಗೆ ಹೋದರೆ ಆಯಿಲ್ ಪದರ ಅಲ್ಲಿಗೇ ಕೆಡುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಘರ್ಷಣೆ ಕಡಿಮೆ ಮಾಡುತ್ತದೆಂದು ಅಂಗಡಿಯಲ್ಲಿ ಸಣ್ಣ ಶೀಶೆಯಲ್ಲಿ ಮಾರುವ ದ್ರಾವಣಗಳನ್ನು ಈಗ ಹಾಕಲೇಬೇಡಿ. ಮೊನೆ ಸವೆಯಲಿ ಎಂದು ನಾವು ಕಾಯುತ್ತಿರುವಾಗ ಅದನ್ನು ತಡೆಯುವ ಮದ್ದಿಗೆ ದುಡ್ಡು ಕೊಡುವುದು ಯಾಕೆ?

ಹಂತ 3: ಹ್ಯಾಂಡಲಿಗೆ ಬಣ್ಣದ ಗುರುತು

ಇದು ಪುಸ್ತಕದಲ್ಲಿಲ್ಲ. ಸಣ್ಣ ಎಂಜಿನ್ನಿಗೆ ಆರ್‌ಪಿಎಂ ತೋರಿಸುವ ಮೀಟರ್ ಇರುವುದಿಲ್ಲ. ಆದ್ದರಿಂದ ನೀರಿಗಿಳಿಯುವ ಮುಂಚೆಯೇ ಎಕ್ಸಲೇಟರಿನ ಹಿಡಿಯನ್ನು ಪೂರ್ತಿ ಮುಚ್ಚಿ, ಪೂರ್ತಿ ತೆರೆದು ನೋಡಿ, ಅರ್ಧಕ್ಕೊಂದು, ಮುಕ್ಕಾಲಿಗೊಂದು ಬಿಳಿ ಬಣ್ಣದ ಗೆರೆ ಹಾಕಿ. ದೋಣಿಯಲ್ಲಿ ಕೂತಾಗ, ಅದರಲ್ಲೂ ಪಕ್ಕದಲ್ಲಿ ಇನ್ನೊಂದು ದೋಣಿ ಓಡುತ್ತಿದ್ದಾಗ, ಕೈಗೆ ಲೆಕ್ಕ ಇರುವುದಿಲ್ಲ.

ಹಂತ 4: ಮೊದಲ ಗಂಟೆ

ಪೆಟ್ರೋಲಿನಲ್ಲಿ ಚಾಲೂ ಮಾಡಿ. ಕೂಡಲೇ ಹಿಂದೆ ಬಗ್ಗಿ ನೋಡಿ: ಎಂಜಿನ್ನಿನ ಬೆನ್ನಿನ ಸಣ್ಣ ತೂತಿನಿಂದ ನೀರಿನ ಎಳೆ ಬೀಳುತ್ತಿರಬೇಕು. ತಣಿಸುವ ನೀರು ಸುತ್ತುತ್ತಿದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಬೀಳದಿದ್ದರೆ ಆ ಕ್ಷಣವೇ ನಿಲ್ಲಿಸಿ. ದಡದಲ್ಲಿ ನೀರಿಲ್ಲದೆ "ಬರೀ ಒಂದ್ ನಿಮಿಷ" ಓಡಿಸಿ ನೋಡುವ ಚಾಳಿಯಿಂದ ಪಂಪಿನ ರಬ್ಬರ್ ಎಲೆಗಳು ಸುಟ್ಟುಹೋಗುತ್ತವೆ.

ಮೊದಲ 10 ನಿಮಿಷ ಗೇರ್ ಹಾಕದೆ, ತೀರಾ ಸಣ್ಣ ಓಟಕ್ಕಿಂತ ಸ್ವಲ್ಪ ಮೇಲೆ. ಆಮೇಲೆ ಗೇರ್ ಹಾಕಿ, ಅರ್ಧದ ಗೆರೆ ದಾಟದಂತೆ ಉಳಿದ 50 ನಿಮಿಷ. ಒಂದೇ ಕಡೆ ಹಿಡಿದು ಕೂರಬೇಡಿ. ಎರಡು ನಿಮಿಷ ಕಾಲು ಭಾಗ, ಎರಡು ನಿಮಿಷ ಅರ್ಧ, ಹೀಗೆ ಏರಿಸುತ್ತ ಇಳಿಸುತ್ತ ಹೋಗಿ. ಓಟ ಬದಲಾದಂತೆ ರಿಂಗಿನ ಮೇಲಿನ ಒತ್ತಡ ಬದಲಾಗುತ್ತದೆ, ಬಿಸಿ ಒಂದೇ ಕಡೆ ಕೂಡಿಕೊಳ್ಳದೆ ನಡುನಡುವೆ ಇಳಿಯುತ್ತದೆ.

ಈ ಮೊದಲ ಗಂಟೆ ಪೆಟ್ರೋಲಿನಲ್ಲೇ ಓಡಿಸಿ ಎಂಬುದು ನನ್ನ ಸಲಹೆ. ನಿಮ್ಮ ಪುಸ್ತಕ ಬೇಡವೆಂದಿದ್ದರೆ ಬಿಡಿ. ಸೀಮೆಎಣ್ಣೆ ಚೆನ್ನಾಗಿ ಆವಿಯಾಗಲು ಎಂಜಿನ್ ಬಿಸಿಯಾಗಿರಬೇಕು. ಅರೆಬಿಸಿ ಎಂಜಿನ್ನಿನಲ್ಲಿ ಸುಡದೆ ಉಳಿದ ಸೀಮೆಎಣ್ಣೆ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ಒಂದು ಪಿಸ್ಟನ್ ಸೆಟ್ಟಿನ ಬೆಲೆಯ ಮುಂದೆ ಏನೂ ಅಲ್ಲ.

ಹಂತ 5: ಎರಡರಿಂದ ಹತ್ತನೇ ಗಂಟೆ

ಎರಡನೇ ಮತ್ತು ಮೂರನೇ ಗಂಟೆ ಮುಕ್ಕಾಲಿನ ಗೆರೆಯವರೆಗೆ. ನಡುನಡುವೆ ಪೂರ್ತಿ ತೆರೆದು, ಒಂದು ನಿಮಿಷದೊಳಗೆ ಮತ್ತೆ ಮುಕ್ಕಾಲಿಗೆ ಇಳಿಸಿ. ಉಳಿದ ಏಳು ಗಂಟೆ ಯಾವ ಓಟವಾದರೂ ಸರಿ, ಪೂರ್ತಿ ತೆರೆದು ಒಂದೇ ಸಮ 5 ನಿಮಿಷ ಮೀರಬೇಡಿ.

"ಪೂರ್ತಿ ತೆರೆಯಿರಿ" ಎಂದದ್ದಕ್ಕೆ ಹೆದರುವವರು ಇದನ್ನು ಓದಬೇಕು. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರವಲ್ಲ. ಉರಿದ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಸಣ್ಣ ಓಟದಲ್ಲೇ ದಿನಗಟ್ಟಲೆ ಓಡಿಸಿದರೆ ಆ ಒತ್ತಡ ಸಾಲದು. ರಿಂಗ್ ಮೇಲೆ ಮೇಲೆ ಜಾರುತ್ತದೆ, ಮೊನೆ ಸವೆಯುವುದಿಲ್ಲ. ಸಂದಿಯಿಂದ ಅನಿಲ ಸೋರುತ್ತದೆ, ಗೋಡೆಯ ಆಯಿಲ್ ಬೆಂದು ಗೀರುಗಳನ್ನು ಮುಚ್ಚಿ ಗಾಜಿನ ಹೊಳಪು ಬರುತ್ತದೆ. ಹಾಗೆ ಹೊಳಪು ಹಿಡಿದ ಗೋಡೆಯಲ್ಲಿ ರಿಂಗ್ ಮತ್ತೆ ಕೂರುವುದಿಲ್ಲ, ಬಿಚ್ಚಿ ಹೋನಿಂಗ್ ಮಾಡಿಸುವುದೇ ದಾರಿ. ಟೂ ಸ್ಟ್ರೋಕಿನಲ್ಲಿ ಇದರ ಜೊತೆ ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರ್ ದಾರಿಯಲ್ಲಿ ಕರಿ ಕಟ್ಟುತ್ತದೆ. ಆಯಿಲ್ ಜಾಸ್ತಿ ಇದ್ದಷ್ಟೂ ಒಳ್ಳೆಯದೆಂದು 25ರ ಲೆಕ್ಕವನ್ನು ವರ್ಷವಿಡೀ ಮುಂದುವರಿಸಿದರೂ ಇದೇ ಫಲ.

ಇನ್ನೊಂದು ಅಪಾಯ ಹೊಸಬರಿಗೆ ಹೊಳೆಯುವುದೇ ಇಲ್ಲ. ಪೂರ್ತಿ ಓಟದಲ್ಲಿದ್ದಾಗ ಹಿಡಿಯನ್ನು ಒಮ್ಮೆಗೇ ಮುಚ್ಚಬೇಡಿ. ಮುಚ್ಚಿದ ಕೂಡಲೇ ಇಂಧನ ನಿಲ್ಲುತ್ತದೆ, ಇಂಧನದೊಳಗಿನ ಆಯಿಲೂ ನಿಲ್ಲುತ್ತದೆ, ಆದರೆ ಪಿಸ್ಟನ್ ಇನ್ನೂ ಅದೇ ರಭಸದಲ್ಲಿದೆ. ನಾಲ್ಕೈದು ಎಣಿಸುತ್ತ ಇಳಿಸಿ.

ಪಿಸ್ಟನ್ ಹಿಡಿಯುವ ಮುಂಚೆ ಎಂಜಿನ್ ಹೇಳಿಯೇ ಹಿಡಿಯುತ್ತದೆ. ನೀವು ಹಿಡಿ ಮುಟ್ಟದಿದ್ದರೂ ಶಬ್ದ ದಪ್ಪವಾಗಿ ಓಟ ಕುಗ್ಗತೊಡಗುತ್ತದೆ. ಕೈ ತಾನಾಗಿಯೇ ಇನ್ನಷ್ಟು ತೆರೆಯಲು ಹೋಗುತ್ತದೆ, ಅದನ್ನು ತಡೆಯಿರಿ. ಓಟ ಇಳಿಸಿ, ಗೇರ್ ತೆಗೆಯಿರಿ. ನೀರಿನ ಎಳೆ ಬೀಳುತ್ತಿದ್ದರೆ ಸಣ್ಣ ಓಟದಲ್ಲಿ ಎರಡು ನಿಮಿಷ ತಣಿಯಲಿ, ಬೀಳದಿದ್ದರೆ ನಿಲ್ಲಿಸಿ. ನಿಂತೇ ಹೋದರೆ ಹಗ್ಗ ಎಳೆದು ಎಳೆದು ಹಿಂಸಿಸಬೇಡಿ. ಪೂರ್ತಿ ತಣಿದ ಮೇಲೆ ಪ್ಲಗ್ ಬಿಚ್ಚಿ, ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಬಿಗಿ ಅನಿಸಿದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಹಂತ 6: ಪ್ರತಿ ಸಲ ನಿಲ್ಲಿಸುವಾಗ

ಸೀಮೆಎಣ್ಣೆಯಲ್ಲಿದ್ದರೆ ದಡ ಸೇರುವ ಮುಂಚೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬ್ಯುರೇಟರಿನ ಸೀಮೆಎಣ್ಣೆ ಖಾಲಿಯಾಗುವಷ್ಟು ಓಡಿಸಿ ನಿಲ್ಲಿಸಿ. ಇಲ್ಲದಿದ್ದರೆ ಮರುದಿನ ಹಗ್ಗ ಎಳೆಯುವವನ ತೋಳಿಗೆ ಶಿಕ್ಷೆ. ಆಮೇಲೆ ಡ್ರಮ್ಮಿನ ಸಿಹಿನೀರಿನಲ್ಲಿ ಐದು ನಿಮಿಷ ಓಡಿಸಿ ಉಪ್ಪು ತೊಳೆಯಿರಿ. ಹೊಳೆಯ ನೀರೂ ಇಲ್ಲಿ ಉಪ್ಪೇ.

ಹಂತ 7: ಹತ್ತು ಗಂಟೆಯ ತಪಾಸಣೆ

ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. 25ರ ಮಿಶ್ರಣದಲ್ಲಿ ಸ್ವಲ್ಪ ಕಪ್ಪು, ಸ್ವಲ್ಪ ಜಿಡ್ಡು ಸಹಜ. ಬೆಳ್ಳಗೆ ಸುಟ್ಟಿದ್ದರೆ ಇಂಧನ ಸಾಲದೆ ಬಿಸಿಯಾಗುತ್ತಿದೆ, ಕಾರ್ಬ್ಯುರೇಟರ್ ತೋರಿಸಿ.

ನಿಜವಾದ ವಿಷಯ ಇರುವುದು ಕೆಳಗಿನ ಗೇರ್ ಬಾಕ್ಸಿನಲ್ಲಿ. ಟೂ ಸ್ಟ್ರೋಕಿನ ಸಿಲಿಂಡರಿನಲ್ಲಿ ಸವೆದ ಪುಡಿ ಬಹುಪಾಲು ಹೊಗೆಯ ಜೊತೆ ಹೋಗಿಬಿಡುತ್ತದೆ, ಗೇರಿನ ಪುಡಿಗೆ ಹೋಗಲು ದಾರಿಯಿಲ್ಲ. ಎಂಜಿನ್ ನೆಟ್ಟಗೆ ನಿಲ್ಲಿಸಿ, ಕೆಳಗಿನ ತಿರುಪು ಬಿಚ್ಚಿ, ಮೇಲಿನದನ್ನೂ ಬಿಚ್ಚಿ, ಗೇರ್ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ. ಬಿಸಿಲಿಗೆ ಹಿಡಿದು ತಟ್ಟೆ ಓರೆ ಮಾಡಿದರೆ ಆಯಿಲಿನೊಳಗೆ ಬೆಳ್ಳಿಯ ಮಿನುಗು ಹರಿದಾಡುತ್ತದೆ. ಎರಡು ಬೆರಳ ನಡುವೆ ತಿಕ್ಕಿದರೆ ಏನೂ ತಾಗಬಾರದು. ಇದು ಸರಿಯಾದ ಸವೆತ, ನಾವು ಬೇಕೆಂದು ಮಾಡಿಸಿದ್ದು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ, ಅಥವಾ ತಿರುಪಿನ ತುದಿಯ ಅಯಸ್ಕಾಂತಕ್ಕೆ ಉಗುರಿನ ತುಣುಕಿನಷ್ಟು ಲೋಹ ಅಂಟಿದ್ದರೆ ಎಂಜಿನ್ ಓಡಿಸಬೇಡಿ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಿಂದ ನೀರು ನುಗ್ಗಿದೆ, ವಾರಂಟಿ ಇರುವಾಗಲೇ ಒಯ್ಯಿರಿ.

ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿ, ಮೇಲಿನ ತೂತಿನಿಂದ ಉಕ್ಕುವವರೆಗೆ. ಮೇಲಿನ ತಿರುಪನ್ನು ಮೊದಲು ಬಿಗಿಯಿರಿ, ಆಗ ಕೆಳಗಿನದು ಹಾಕುವಷ್ಟರಲ್ಲಿ ಹೆಚ್ಚು ಸೋರುವುದಿಲ್ಲ. ವಾಷರ್ ಹೊಸದಿರಲಿ.

ಬೋರ್ ಮಾಡಿಸಿದ ಹಳೆಯ ಎಂಜಿನ್ ಆದರೆ

ಮೇಲಿನ ಹಂತಗಳೆಲ್ಲ ಅದಕ್ಕೂ ಸೇರುತ್ತವೆ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಉಂಟು, ಇದನ್ನು ಬಿಡುವ ವರ್ಕ್‌ಶಾಪ್‌ಗಳು ಬಹಳ. ಹೋನಿಂಗ್ ಮಾಡಿದ ಸಿಲಿಂಡರಿನ ಗೀರುಗಳಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ತೊಳೆದರೆ ಜಿಡ್ಡು ಹೋಗುತ್ತದೆ, ಪುಡಿ ಗೀರಿನಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಶ್ಶು ಬೇಕು. ಉಜ್ಜಿ ತೊಳೆದು, ಬಿಳಿ ಬಟ್ಟೆಗೆ ಆಯಿಲ್ ಅದ್ದಿ ಒಳಗೆ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು. ಬಟ್ಟೆ ಬಿಳಿಯಾಗಿಯೇ ಹೊರಬಂದ ಮೇಲೆ ತಡಮಾಡದೆ ಆಯಿಲ್ ಸವರಿ. ನಮ್ಮ ಉಪ್ಪುಗಾಳಿಗೆ ಒದ್ದೆ ಬೋರ್ ಚಹಾ ಕುಡಿದು ಬರುವಷ್ಟರಲ್ಲಿ ಕೆಂಪಾಗುತ್ತದೆ. ಮೆಕ್ಯಾನಿಕ್ ಹತ್ತಿರ ನಿಂತು ನೋಡಲು ಸಂಕೋಚ ಬೇಡ, ಕೆಲಸ ಬಲ್ಲವನಿಗೆ ಬೇಸರವೂ ಆಗುವುದಿಲ್ಲ.

ಫೋರ್ ಸ್ಟ್ರೋಕ್ ಮತ್ತು ಟ್ರಾಲ್ ಬೋಟ್

ಫೋರ್ ಸ್ಟ್ರೋಕಿಗೆ ಇಂಧನದಲ್ಲಿ ಆಯಿಲ್ ಬೆರೆಸಬಾರದು. ಒಳಗಿನ ಆಯಿಲೇ ಮತ್ತೆ ಮತ್ತೆ ಸುತ್ತುವುದರಿಂದ ಸವೆದ ಪುಡಿ ಅದರಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲ ಬದಲಾವಣೆ ಬೇಗ, ಹಲವು ಎಂಜಿನ್ನುಗಳಿಗೆ 20 ಗಂಟೆಗೇ, ಫಿಲ್ಟರ್ ಇದ್ದರೆ ಅದನ್ನೂ ಸೇರಿಸಿ. ಆಯಿಲ್ ನೋಡಲು ಹೊಸದಾಗಿಯೇ ಇದೆಯಲ್ಲ ಎಂದು ಮುಂದೂಡಬೇಡಿ. ಓಟದ ಲೆಕ್ಕ ಹೆಚ್ಚುಕಡಿಮೆ ಮೇಲಿನದ್ದೇ.

ಟ್ರಾಲ್ ಬೋಟಿನವರು ನಿಷೇಧದ ದಿನಗಳಲ್ಲಿ ಎಂಜಿನ್ ಇಳಿಸಿ ಲೈನರ್, ರಿಂಗ್ ಬದಲಾಯಿಸುತ್ತಾರೆ. ಜುಲೈ ಕೊನೆಯಲ್ಲಿ ಜೆಟ್ಟಿಗೆ ಕಟ್ಟಿ, ಗೇರ್ ಹಾಕದೆ, ಇಡೀ ದಿನ ಸಣ್ಣ ಓಟದಲ್ಲಿ ಬಿಟ್ಟು "ಸೆಟ್ ಮಾಡುವುದು" ಹಲವೆಡೆ ರೂಢಿ. ಡೀಸೆಲ್ ಎಂಜಿನ್ನಿಗೆ ಇದು ಕೆಟ್ಟ ರೂಢಿ, ಗೋಡೆಗೆ ಹೊಳಪು ಹಿಡಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಬಿಸಿಯಾದ ಕೂಡಲೇ ಗೇರ್ ಹಾಕಿ, ಒಳನೀರಿನಲ್ಲಿ ಅರ್ಧದಿಂದ ಮುಕ್ಕಾಲು ಭಾರದಲ್ಲಿ ಏರಿಸಿ ಇಳಿಸಿ ಓಡಿಸಬೇಕು. ಆಗಸ್ಟ್ 1ರಂದೇ ಬಲೆ ಎಳೆಯುವ ಅವಸರವಿದ್ದರೆ ಜುಲೈ ಮೂರನೇ ವಾರದೊಳಗೆ ಎಂಜಿನ್ ಕೂರಿಸಿರಬೇಕು.

ಇನ್ನು ಮಿಶ್ರಣದ ಕ್ಯಾನು. ಹತ್ತು ಗಂಟೆ ಮುಗಿದಾಗ 25ರ ಲೆಕ್ಕದ್ದು ಸ್ವಲ್ಪ ಉಳಿಯುತ್ತದೆ, ಚೆಲ್ಲಬೇಡಿ. 5 ಲೀಟರ್ ಉಳಿದಿದ್ದರೆ ಆಯಿಲ್ ಬೆರೆಸದ 5 ಲೀಟರ್ ಅದೇ ಇಂಧನ ಸೇರಿಸಿ ಕುಲುಕಿದರೆ 50ರ ಲೆಕ್ಕಕ್ಕೆ ಬರುತ್ತದೆ. ಕ್ಯಾನಿನ ಮೇಲೆ 25 ಎಂದು ಬರೆದದ್ದನ್ನು ಒರೆಸಿ 50 ಎಂದು ಬರೆಯಿರಿ, ಯಾಕೆಂದರೆ ನಾಳೆ ಅದನ್ನು ಟ್ಯಾಂಕಿಗೆ ಹೊಯ್ಯುವವರು ನೀವೇ ಆಗಿರಬೇಕೆಂದಿಲ್ಲ.